ಇನ್ನೂರ ಎಂಬತ್ತನೆಯ ರೊಟ್ಟಿ

ಹೆಲೆನ ರೊಟ್ಟಿ ಬಡಿಯುವಾಗ ಎದುರು ಕುಳಿತು ಮಾತಾಡಿ ಉಪಯೋಗವಿಲ್ಲ. ಆ ಸಪ್ಪಳದಲ್ಲಿ ನಮ್ಮ ಮಾತು ನಮಗೇ ಕೇಳಿಸುವುದಿಲ್ಲ. ಹುಡುಗಿಯರ ಹಾಸ್ಟೆಲಿನಲ್ಲಿ ಇಪ್ಪತ್ತೆರಡು ವರ್ಷ ಅಡುಗೆ ಮಾಡಿದ ಕೈ ಅದು. ಆರು ವರ್ಷದ ಹಿಂದೆ ಬೀದರಿನ ಧಾನ್ಯಪೇಟೆ ಗಾಂಧಿ ಗಂಜಿನ ಹಿಂದೆ ಒಂದು ಶಟರಿನ ಕೋಣೆ ಬಾಡಿಗೆಗೆ ಹಿಡಿದು ಜೋಳದ ರೊಟ್ಟಿಯ ಅಂಗಡಿ ತೆರೆದಳು. ನಾನು ಪಕ್ಕದ ಮನೆಯವಳು. ಬೆಳಿಗ್ಗೆ ಅಲ್ಲಿ ಕುಳಿತು ಚಟ್ನಿಗೆ ಬಳ್ಳೊಳ್ಳಿ ಸುಲಿಯುತ್ತೇನೆ. ಕೈಗೆ ಕೆಲಸ, ಕಿವಿಗೆ ಬಿಡುವು. ಹಾಗಾಗಿ ಇದೆಲ್ಲ ನನಗೆ ಗೊತ್ತು.

ಅಂಗಡಿಯಲ್ಲಿ ಮೂರು ಹಂಚು. ಒಂದು ಹೆಲೆನಳದು, ಒಂದು ಸುಮನಳದು, ಇನ್ನೊಂದು ಹಾಜಿರಾಬೀಯದು. ಹಾಜಿರಾಬೀ ದಿನಾ ಕಮಠಾಣದಿಂದ ಆಟೋ ಹಿಡಿದು ಬರುತ್ತಾಳೆ. ಮೂವರಲ್ಲಿ ಕೊನೆಗೆ ಸೇರಿದವಳು, ಆದರೆ ಆಕೆಯ ರೊಟ್ಟಿಯನ್ನು ಎತ್ತಿ ಹಿಡಿದರೆ ಆಚೆ ನಿಂತವರ ಮೀಸೆ ಕಾಣಿಸಬೇಕು, ಅಷ್ಟು ತೆಳುವು.

ಹೋದ ವರ್ಷ ಕೋಣೆಯ ಮಾಲಕ ಶರಫೋದ್ದೀನ ಬಾಡಿಗೆ ಎರಡು ಪಟ್ಟು ಮಾಡಿದ. ಅದೇ ತಿಂಗಳು ಹೆಲೆನಳ ಗಂಡ ಜೇಮ್ಸ ನಿವೃತ್ತನಾಗಿ ಮನೆಗೆ ಬಂದ. ಔರಾದಿನ ಸಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿದವನು. ಎರಡರಲ್ಲಿ ಯಾವುದು ಹೆಚ್ಚು ಭಾರವಾಯಿತೆಂದು ಹೆಲೆನ ನಮಗೆ ಹೇಳಲಿಲ್ಲ.

ಬಂದವನೇ ಗೋಡೆಗೆ ಕರಿಹಲಗೆ ತೂಗಿ ಹಾಕಿ ಚಾಕ್‌ಪೀಸ್ ಹಿಡಿದ.

"ನೋಡ್ರಿ, ಬಾಡಿಗಿ ದಿನಕ್ಕ ಎರಡು ನೂರು. ಇಬ್ಬರ ಕೂಲಿ ಎಂಟು ನೂರು. ಲೈಟು, ನೀರು, ಅದೂ ಇದೂ ನೂರಾ ಇಪ್ಪತ್ತು. ಒಂದು ರೊಟ್ಟಿ ಮಾರದಿದ್ರೂ ಸಾವಿರದ ನೂರಾ ಇಪ್ಪತ್ತು ಹೋಗೇ ಹೋಗ್ತದ. ರೊಟ್ಟಿಗೆ ಹತ್ತು ರೂಪಾಯಿ ಬರ್ತದ. ಜ್ವಾಳ, ಕಟ್ಟಿಗಿ, ಚಟ್ನಿ ಸೇರಿ ಆರು ಹೋಗ್ತದ, ನಾಕು ಉಳೀತದ. ಹಂಗಾರ ಎಷ್ಟು ರೊಟ್ಟಿಗೆ ಸರಿಸಮ? ಸುಮನ, ನೀ ಹೇಳು."

"ಸರ್, ನನ್ನ ರೊಟ್ಟಿ ಹೊತ್ತಾಕತ್ತದರಿ."

"ಇನ್ನೂರಾ ಎಂಬತ್ತು!" ಎಂದು ತಾನೇ ಬರೆದ. "ಅಲ್ಲೀತನಕ ನಾವು ಖರ್ಚಿಗೆ ದುಡೀತೀವಿ. ಮುಂದಿನ ರೊಟ್ಟಿಯಿಂದ ನಮಗ. ಈ ತಿಂಗಳ ಕಡೀಗೆ ದಿನಾ ಇನ್ನೂರಾ ಎಂಬತ್ತು ಮುಟ್ಟಿ ಗಲ್ಲಾದಾಗ ಏನರೆ ಉಳೀಬೇಕು. ಇಲ್ಲಂದ್ರ ಒಂದು ಹಂಚು ಇಳಿಸಬೇಕಾಗ್ತದ."

ಎಲ್ಲರ ಕಣ್ಣು ಮೂರನೆಯ ಹಂಚಿನ ಕಡೆ ಹೋಯಿತು. ಹಾಜಿರಾಬೀ ರೊಟ್ಟಿ ತಿರುವಿ ಹಾಕಿದಳು.

"ಮಾಸ್ತರ್, ಹಂಚು ಕಾದದರಿ. ಈಗ ಇಳಿಸಿದ್ರ ನಿಮ್ಮ ಕೈ ಸುಡ್ತದ."

"ಹಾಜಿರಾನ ಹಂಚು ಇಳಿದ್ರ ನನ್ನದೂ ಇಳೀತದ, ಹೇಳಿಟ್ಟೀನಿ," ಎಂದಳು ಹೆಲೆನ.

ಮರುದಿನ ಜೇಮ್ಸ ಒಂದು ಹಿತ್ತಾಳೆ ಗಂಟೆ ತಂದ. ಔರಾದಿನ ಸಾಲೆಗೆ ಕರೆಂಟಿನ ಗಂಟೆ ಬಂದ ಮೇಲೆ ಹಳೆಯದನ್ನು ಇವನಿಗೇ ಕೊಟ್ಟಿದ್ದರಂತೆ. ಅದನ್ನು ಶಟರಿನ ಸರಳಿಗೆ ಕಟ್ಟಿದ. ಮಾರಿದ ಪ್ರತಿ ರೊಟ್ಟಿಗೂ ಹಲಗೆಯ ಮೇಲೆ ಒಂದು ಗೀಟು. ಇನ್ನೂರ ಎಂಬತ್ತನೆಯ ಗೀಟಿಗೆ ಕೊಡತಿ ಎತ್ತಿ ಢಣ್ ಎನ್ನಿಸಿದ. ಓಣಿಯ ಎರಡು ನಾಯಿ ಎದ್ದು ಓಡಿದವು.

ಗಂಜಿನ ಹಮಾಲರ ಮುಖ್ಯಸ್ಥ ಖಾಜಾ ಮಿಯಾ ಬಂದು, "ಯಾರು ಸತ್ರು?" ಎಂದು ಕೇಳಿದ. ಸುಮ್ಮನೆ ನಕ್ಕು ಕಳಿಸಬಹುದಿತ್ತು. ಆದರೆ ಪ್ರಶ್ನೆ ಕೇಳಿದವರಿಗೆ ಉತ್ತರ ಹೇಳದೆ ಬಿಡುವುದು ಜೇಮ್ಸನಿಗೆ ಬಾರದು. ಹದಿನೈದು ಹಮಾಲರನ್ನು ಜೋಳದ ಚೀಲಗಳ ಮೇಲೆ ಕೂಡಿಸಿ ಗಂಟೆಗೆ ಮುಂಚೆ ಲುಕ್ಸಾನ ಹೇಗೆ, ಆಮೇಲೆ ಲಾಭ ಹೇಗೆ ಎಂದು ಹಲಗೆಯ ಮುಂದೆ ಪಾಠ ಮಾಡಿದ. ಅವರು ಬಹಳ ಶ್ರದ್ಧೆಯಿಂದ ಕೇಳಿದರು. ಅದೇ ತಪ್ಪಾಯಿತು.

ಹಮಾಲರು ನಾಲ್ಕೈದು ಮಂದಿ ಕೂಡಿ ಹತ್ತು ರೊಟ್ಟಿ ಒಯ್ಯುವುದು ರೂಢಿ. ಹತ್ತಕ್ಕೆ ಒಂದು ಕೊಸರು, ಮೇಲಿನದು, ದುಡ್ಡಿಲ್ಲದೆ. ಮರುದಿನ ಗಂಟೆಯಾದ ಮೇಲೆ ಖಾಜಾ ಮಿಯಾ ಬಂದು ಕೈ ಚಾಚಿದ.

"ಅಕ್ಕಾ, ಕೊಸರು ಎರಡು ಹಾಕ್ರಿ."

"ಯಾಕೋ ಎರಡು?"

"ಗಂಟಿ ಆಗ್ಯಾದಲ್ಲ. ಈಗ ನೀವು ಫಾಯ್ದಾದಾಗ ಇದ್ದೀರಿ. ನೀವು ಲುಕ್ಸಾನದಾಗ ಇದ್ದಾಗ ನಾವು ಬಾಯಿ ಬಿಟ್ಟೇವೇನು?"

ಹೆಲೆನ ಎರಡು ಕೊಟ್ಟಳು. ಅದರ ಮರುದಿನ ಮೂರು ಕೇಳಿದರು, ಮೂರು ಕೊಟ್ಟಳು.

ನಾಲ್ಕನೆಯ ದಿನ ಗಂಟೆಗೆ ಮುಂಚೆ ಒಬ್ಬ ಹಮಾಲನೂ ಬರಲಿಲ್ಲ. ಬರಲಿಲ್ಲ ಎಂದರೆ ಬಂದಿದ್ದರು, ಆದರೆ ಎದುರಿನ ಕಟ್ಟೆಯ ಮೇಲೆ ಸಾಲಾಗಿ ಕುಳಿತು ಗಂಟೆಯನ್ನೇ ನೋಡುತ್ತಿದ್ದರು. ಹೊಟ್ಟೆ ಹಿಡಿದುಕೊಂಡಿದ್ದರು.

"ಹೋಗೋ, ನೀನರೆ ಮೊದಲ ತಗೋ."

"ನೀ ಹೋಗು. ನನಗ ಗಂಟಿ ಆದ ಮ್ಯಾಲೇ ಹಸಿವಾಗೂದು."

ಇದು ಯಾವುದೂ ಗೊತ್ತಿಲ್ಲದ ಔರಾದಿನ ಒಬ್ಬ ಮನುಷ್ಯ ಬಸ್ಸಿನಿಂದ ಇಳಿದು ಬಂದು ಹತ್ತು ರೊಟ್ಟಿ ಕೊಂಡ. ಕಟ್ಟೆಯ ಮೇಲಿನವರು ಎದ್ದು ಚಪ್ಪಾಳೆ ಹೊಡೆದರು. "ಶಾಬಾಸ್ ಅಣ್ಣಾ! ಮನ್ಯಾಗ ಮಂದಿ ಭಾಳ ಇರಬೇಕು, ಇನ್ನೊಂದು ಹತ್ತು ತಗೋರಿ!" ಅವನು ಹೆದರಿ ಇಪ್ಪತ್ತು ಒಯ್ದ.

ಆದರೂ ಊಟದ ಹೊತ್ತು ಮೀರುವಾಗ ಹಲಗೆಯ ಮೇಲೆ ಗೀಟು ಇನ್ನೂರ ಇಪ್ಪತ್ತೇ. ಜೇಮ್ಸ ಅಂಗಡಿಯಿಂದ ಹೊರಗೆ ಇಳಿದ, ಚಪ್ಪಲಿ ಸರಿ ಮಾಡಿಕೊಂಡು ಗಿರಾಕಿಯ ಹಾಗೆ ಎದುರಿಗೆ ಬಂದು ನಿಂತ, ಪಿಂಚಣಿಯ ದುಡ್ಡು ತೆಗೆದ.

"ಅರವತ್ತು ರೊಟ್ಟಿ ಕೊಡ್ರಿ."

ದುಡ್ಡು ಕೊಟ್ಟು ಒಳಗೆ ಹೋಗಿ ಅರವತ್ತು ಗೀಟು ಎಳೆದು ಗಂಟೆ ಬಾರಿಸಿದ. ಕಟ್ಟೆಯವರು ಹೋ ಎಂದು ಎದ್ದು ಬಂದು ಮೂರು ಮೂರು ಕೊಸರು ಒಯ್ದರು.

ಹೀಗೆಯೇ ಎರಡು ವಾರ ನಡೆಯಿತು. ಅರವತ್ತು, ಎಪ್ಪತ್ತು, ಒಂದು ದಿನ ತೊಂಬತ್ತು. ಅಷ್ಟು ರೊಟ್ಟಿ ಏನು ಮಾಡುವುದು? ಗಂಟು ಕಟ್ಟಿಕೊಂಡು ಬಸ್ ಹತ್ತಿ ಭಾಲ್ಕಿಯಲ್ಲಿ ನರ್ಸ್ ಆಗಿರುವ ಮಗಳು ಜಾಯ್ಸಳ ಮನೆಗೆ ಒಯ್ಯುತ್ತಿದ್ದ. ಕೊನೆಗೆ ಆಕೆಯ ಫೋನು ಬಂತು.

"ಅಮ್ಮಾ, ಕಪಾಟಿನಾಗಿನ ಸೀರಿ ತೆಗೆದು ರೊಟ್ಟಿ ಇಟ್ಟೀನಿ. ಈಗ ಸೀರಿ ಎಲ್ಲಿ ಇಡ್ಲಿ?"

ಗಂಟೆಯೇನೋ ದಿನಾ ಆಗುತ್ತಿತ್ತು, ಆದರೆ ಗಲ್ಲಾ ಹಗುರಾಗುತ್ತ ಬಂತು. ತಿಂಗಳು ಮುಗಿಯಲು ನಾಲ್ಕು ದಿನ ಇತ್ತು. ಹಾಜಿರಾಬೀಯ ರೊಟ್ಟಿ ಇನ್ನಷ್ಟು ತೆಳುವಾಗಿತ್ತು.

ಆ ದಿನ ಜೇಮ್ಸ ಅರವತ್ತು ರೊಟ್ಟಿ ಕೊಂಡು ಅಲ್ಲೇ ನಿಂತ.

"ಇನ್ನೇನ್ರಿ?" ಎಂದಳು ಹೆಲೆನ.

"ಕೊಸರು. ಹತ್ತಕ್ಕ ಒಂದು. ಆರು ಬರ್ತಾವ."

"ನಿಮಗೂ ಕೊಸರು ಬೇಕೇನ್ರಿ?"

"ಗಿರಾಕಿ ಅಂದ್ರ ಗಿರಾಕಿ."

ಹೆಲೆನ ಆರು ರೊಟ್ಟಿ ಎಣಿಸಿ ಅವನ ಕೈಯಲ್ಲಿಟ್ಟಳು. ಆಮೇಲೆ ಸೆರಗಿಗೆ ಹಿಟ್ಟು ಒರೆಸಿಕೊಳ್ಳುತ್ತ ಹಲಗೆಯ ಮುಂದೆ ಹೋಗಿ ನಿಂತಳು.

"ಈ ಆರಕ್ಕೂ ಜ್ವಾಳ ಬಿದ್ದದ, ಕಟ್ಟಿಗಿ ಬಿದ್ದದ. ಇಲ್ಲಿ ಎಲ್ಲಿ ಬರ್ದೀರಿ, ತೋರಸ್ರಿ."

ಜೇಮ್ಸ ನೋಡಿದ. ಮೇಲಿನಿಂದ ಕೆಳಗೆ ನೋಡಿದ, ಕೆಳಗಿನಿಂದ ಮೇಲೆ ನೋಡಿದ. ಮೂವತ್ತೊಂದು ವರ್ಷದಲ್ಲಿ ಹಲಗೆಯ ಮುಂದೆ ತಲೆ ಕೆರೆದುಕೊಂಡದ್ದು ಅದೇ ಮೊದಲಿರಬೇಕು. ಹತ್ತು ರೊಟ್ಟಿ ಮಾರಿದರೆ ನಲವತ್ತು ಉಳಿಯುತ್ತದೆ ಎಂದು ಬರೆದಿದ್ದ. ಒಂದು ಕೊಸರು ಕಳೆದರೆ ಉಳಿಯುವುದು ಮೂವತ್ತನಾಲ್ಕು. ಮೂರು ಕಳೆದರೆ ಇಪ್ಪತ್ತೆರಡೇ.

"ಒಂದೇ ಕೊಸರು ಹಿಡಿದ್ರೂ ಮುನ್ನೂರಾ ಮೂವತ್ತು ಬೇಕಾಗಿತ್ತು," ಎಂದ ಸಣ್ಣ ದನಿಯಲ್ಲಿ. "ನಾ ಇಷ್ಟು ದಿನ ಗಂಟಿ ಸುಳ್ಳೇ ಹೊಡದೀನಿ. ಇನ್ನು ಕೊಸರು ಬಂದ್ ಮಾಡೋಣು, ಇಲ್ಲಾ ಹಂಚು ಇಳಿಸೋಣು."

"ಕೊಸರು ಬಂದ್ ಮಾಡಿ ಗಂಜಿನಾಗ ನಾ ಹ್ಯಾಂಗ ಮುಖ ತೋರಿಸ್ಲಿ? ಎರಡೂ ಬ್ಯಾಡ. ರೊಟ್ಟಿಗೆ ಹನ್ನೊಂದು ರೂಪಾಯಿ ಬರೀರಿ. ಗಂಟಿಕಿಂತ ಮೊದಲ ಬಂದವರಿಗೆ ಎರಡು ಕೊಸರು. ಗಂಟಿ ಆದ ಮ್ಯಾಲ ಒಂದೇ."

ಜೇಮ್ಸ ಲೆಕ್ಕ ಹಾಕಿದ. ಹತ್ತಕ್ಕೆ ನೂರ ಹತ್ತು ಬರುತ್ತದೆ, ಹನ್ನೆರಡು ರೊಟ್ಟಿಯ ಖರ್ಚು ಎಪ್ಪತ್ತೆರಡು, ಉಳಿಯುವುದು ಮೂವತ್ತೆಂಟು. ಇನ್ನೂರ ತೊಂಬತ್ತೈದಕ್ಕೆ ಸರಿಸಮ. ಅಳಿಸಿ ಮತ್ತೆ ಹಾಕಿದ, ಮತ್ತೂ ಅಳಿಸಿ ಹಾಕಿದ. "ಕೊಸರು ಹೆಚ್ಚು ಮಾಡಿ ಲೆಕ್ಕ ಹ್ಯಾಂಗ ಇಳೀತು?" ಎಂದು ನನ್ನನ್ನೇ ಕೇಳಿದ. ನಾನು ಬಳ್ಳೊಳ್ಳಿ ಸುಲಿದೆ.

ಮರುದಿನ ಖಾಜಾ ಮಿಯಾ ಜಗಳಕ್ಕೇ ಬಂದ. "ಫಾಯ್ದಾ ಆದ ಮ್ಯಾಲ ಕಡಿಮಿ ಕೊಡೂದಾ? ಇದೆಲ್ಲಿ ಇನ್ಸಾಫ್ ಅಕ್ಕಾ?"

"ನೀನೇ ಹೇಳಿದ್ಯಲ್ಲೋ, ಮೊದಲ ನಾ ಲುಕ್ಸಾನದಾಗ ಇರ್ತೀನಿ ಅಂತ. ಲುಕ್ಸಾನದಾಗ ಬಂದವರಿಗೆ ಎರಡು. ಆಮೇಲೆ ಬಂದವರಿಗೆ ನನ್ನ ಸಲಾಂ, ಮತ್ತ ಒಂದು."

ಅವನು ಹಿಂದೆ ತಿರುಗಿ ನೋಡಿದ. ಕಟ್ಟೆ ಖಾಲಿಯಾಗಿತ್ತು. ಎಲ್ಲರೂ ಅವನ ಬೆನ್ನ ಹಿಂದೆ ನಿಂತು ನೂಕುತ್ತಿದ್ದರು.

ಅಂದಿನಿಂದ ಮಧ್ಯಾಹ್ನದ ಊಟವನ್ನು ಹಮಾಲರು ಬೆಳಿಗ್ಗೆ ಹತ್ತಕ್ಕೇ ಮಾಡತೊಡಗಿದರು. ಇನ್ನೂರ ತೊಂಬತ್ತು ದಾಟಿದರೆ ಸಾಕು, "ಮಾಸ್ತರ್, ಇನ್ನೊಂದು ಹತ್ತು! ತಡೀರಿ, ಹೊಡೀಬ್ಯಾಡ್ರಿ!" ಎಂದು ಒಬ್ಬ ಗಂಟೆಯನ್ನು ಅಪ್ಪಿಕೊಂಡರೆ, ಇನ್ನೊಬ್ಬ ಕೊಡತಿಯನ್ನೇ ಚೀಲದ ಕೆಳಗೆ ಬಚ್ಚಿಟ್ಟ. ಜೇಮ್ಸ ಚಟ್ನಿಯ ಸೌಟಿನಿಂದ ಗಂಟೆ ಹೊಡೆದ. ಹನ್ನೆರಡಕ್ಕೆಲ್ಲ ಅಂದಿನ ಖರ್ಚು ಗಿಟ್ಟಿತ್ತು.

ತಿಂಗಳ ಕೊನೆಯ ದಿನ ಗಲ್ಲಾ ಎಣಿಸಿ ಜೇಮ್ಸ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದ. ಮೇಲಿನ ಮೂಲೆಯಲ್ಲಿ ಏನೋ ಬರೆದು ಸುತ್ತ ಗೆರೆ ಹೊಡೆದ. ಹಾಜಿರಾಬೀಗೆ ಓದಲು ಬಾರದು.

"ಏನು ಬರ್ದಾರ?" ಎಂದು ಸುಮನಳನ್ನು ಕೇಳಿದಳು. ಕೈ ಹಂಚಿನ ಮೇಲೇ ನಿಂತಿತ್ತು.

"ಹಂಚು ಮೂರು, ಅಳಿಸಬಾರದು. ಹಂಗಂತ ಬರ್ದಾರ."

ಹಾಜಿರಾಬೀ ರೊಟ್ಟಿ ತಿರುವಿ ಹಾಕಿದಳು. ಅದಾಗಲೇ ಹೊತ್ತಿತ್ತು. ಆಕೆಯ ಕೈಯಲ್ಲಿ ರೊಟ್ಟಿ ಹೊತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಅಕ್ಕಾ, ಮಾಸ್ತರಿಗೆ ಕೊಸರು ಕೊಡ್ರಿ," ಎಂದಳು.

ಹೆಲೆನ ಆ ಹೊತ್ತಿದ ರೊಟ್ಟಿಯನ್ನೇ ಎತ್ತಿ ಗಂಡನ ಕೈಗೆ ಕೊಟ್ಟಳು. ಗಂಟೆ ಆಗಿತ್ತಲ್ಲ, ಹಾಗಾಗಿ ಒಂದೇ.