ವೆಂಕಟರತ್ನಮ್ಮ ಗುಜರಿಯಿಂದ ಉಳಿಸಿದ ಪುಸ್ತಕ

ಅಂಬಾಜಿದುರ್ಗದ ಹತ್ತಿರದ ನಮ್ಮ ಹೈಸ್ಕೂಲಿನಲ್ಲಿ ವೆಂಕಟರತ್ನಮ್ಮ ಜವಾನರ ಕೆಲಸದಲ್ಲಿದ್ದಾರೆ. ಹುಡುಗಿಯಾಗಿದ್ದಾಗ ಚಿಂತಾಮಣಿ ತಾಲ್ಲೂಕಿಗೇ ಹೆಸರಾದ ಖೊಖೊ ಆಟಗಾರ್ತಿ. ಹದಿನೇಳನೆಯ ವಯಸ್ಸಿನಲ್ಲಿ ಕಂಬ ಸುತ್ತಿ ತಿರುಗುವಾಗ ಮಂಡಿ ‘ಟಪ್’ ಎಂದಿತು. ಯಾರೋ ಎಣ್ಣೆ ಹಚ್ಚಿ ಎಳೆದರು. ಆಟ ಅಲ್ಲಿಗೆ ಮುಗಿಯಿತು. ಒಳಗೆ ಏನು ಕಿತ್ತುಹೋಯಿತೆಂದು ಮೂವತ್ತು ವರ್ಷ ಯಾರೂ ಹೇಳಲಿಲ್ಲ.

ಲೈಬ್ರರಿಯ ಹಳೇ ಪುಸ್ತಕಗಳನ್ನು ಗುಜರಿಗೆ ಕಟ್ಟುತ್ತಿದ್ದ ದಿನ ಅವರು ಒಂದನ್ನು ಎದೆಗವಚಿಕೊಂಡು ನನ್ನ ಹತ್ತಿರ ಬಂದರು. ಆಟದಲ್ಲಾಗುವ ಪೆಟ್ಟುಗಳ ಬಗ್ಗೆ ಇಂಗ್ಲಿಷಿನ ವೈದ್ಯಕೀಯ ಪುಸ್ತಕ, 1931ರಲ್ಲಿ ಅಚ್ಚಾದದ್ದು. ಬೆನ್ನು ಹರಿದಿತ್ತು, ಪ್ರತಿ ಚಿತ್ರದ ಮೇಲೂ ಈರುಳ್ಳಿ ಸಿಪ್ಪೆಯಂಥ ತೆಳುಹಾಳೆಯ ಮುಸುಕು.

“ಮೇಡಂ, ಇದು ಮಂಡಿ ಅಲ್ವಾ? ಒಳಗೆ ಹಗ್ಗ ಇದ್ದಂಗಿದೆಯಲ್ಲ, ಏನಿದು?”

ನಾನು ಇಂಗ್ಲಿಷ್ ಟೀಚರ್. ಓದಿ ಹೇಳಿದೆ: ಮೂಳೆಗಳನ್ನು ಹಿಡಿದಿಡುವ ಕಟ್ಟು ಅದು, ಪಾದ ಊರಿದ್ದಾಗ ಮೈ ತಿರುಗಿದರೆ ಸದ್ದು ಮಾಡಿ ಹರಿಯುತ್ತದೆ. ಅವರು ಸೀರೆಯ ಮೇಲಿಂದಲೇ ತಮ್ಮ ಮಂಡಿ ಮುಟ್ಟಿಕೊಂಡರು.

“ಅಯ್ಯೋ ದೇವುಡಾ! ಬರೆದೋರಿಗೆ ನನ್ನ ಮಂಡಿ ಹೆಂಗೆ ಗೊತ್ತಾಯ್ತು?”

ಮುಂದಿನ ಎರಡು ವರ್ಷ, ಊಟದ ಬಿಡುವಿನಲ್ಲಿ ದಿನಕ್ಕೊಂದು ಪುಟ. ನಾನು ಕನ್ನಡದಲ್ಲಿ ಹೇಳುತ್ತಿದ್ದೆ, ಅವರು ತಮಗೆ ಗೊತ್ತಿದ್ದ ತೆಲುಗು ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದರು. ಮನೆಯಲ್ಲಿ ಬಾಯಿಪಾಠ ಮಾಡುತ್ತಿದ್ದರೆಂದು ನನಗೆ ಗೊತ್ತಿರಲಿಲ್ಲ.

ಹೋದ ವರ್ಷ ತಾಲ್ಲೂಕು ಕ್ರೀಡಾಕೂಟದಲ್ಲಿ ನಮ್ಮ ಸ್ಕೂಲಿನ ಹುಡುಗಿ ತನುಜ ಮಂಡಿ ಹಿಡಿದು ಬಿದ್ದಳು. ಇಬ್ಬರು ಕಾಲು ಎಳೆಯಲು ಬಗ್ಗಿದರು.

“ಕೈ ತೆಗೀರಿ! ಯಾರೂ ಎಳೀಬೇಡಿ!”

ಅಷ್ಟು ದೊಡ್ಡ ದನಿ ವೆಂಕಟರತ್ನಮ್ಮನವರದೆಂದು ನಂಬಲಾಗಲಿಲ್ಲ. ಧೂಳಿನಲ್ಲೇ ಕೂತರು. ಮಂಡಿಯ ಕೆಳಗೆ ಟವೆಲ್ ಮಡಿಸಿಟ್ಟು, ಕಾಲಿನ ಎರಡೂ ಬದಿಗೆ ಬೋರ್ಡಿನ ಮರದ ಸ್ಕೇಲು ಇಟ್ಟು, ವೇಲಿನಿಂದ ಮಂಡಿಗೆ ಮೇಲೊಂದು, ಕೆಳಗೊಂದು ಕಟ್ಟು ಹಾಕಿದರು. ಆಮೇಲೆ ಕಾಲ್ಬೆರಳು ತಣ್ಣಗಾಗಿದೆಯೇ ಎಂದು ಮುಟ್ಟಿ ನೋಡಿದರು. ನಾನು ಎಂದೋ ಓದಿ ಮರೆತ ಪುಟ ಅದು.

“ಇದನ್ನ ಕಟ್ಟಿದ್ದು ಯಾವ ಡಾಕ್ಟ್ರು?” ಎಂದರು ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರ್ ಮುರಳಿಮೋಹನ್. ನಾನು ವೆಂಕಟರತ್ನಮ್ಮನವರ ಪುಸ್ತಕದ ವಿಷಯ ಹೇಳಿದೆ. ತನುಜಳಿಗೆ ಆಪರೇಷನ್ ಆಯಿತು. ಒಂಬತ್ತು ತಿಂಗಳ ಮೇಲೆ ಮತ್ತೆ ಓಡಿದಳು.

ಆಪರೇಷನ್ನಿನ ಮುಂದಿನ ಶನಿವಾರ ಡಾಕ್ಟರು ಪುಸ್ತಕ ನೋಡಲೆಂದೇ ಸ್ಕೂಲಿಗೆ ಬಂದರು. ನಲ್ಲಿಯಲ್ಲಿ ಕೈ ತೊಳೆದು, ಒರೆಸಿಕೊಂಡು, ಆಮೇಲೆ ಮುಟ್ಟಿದರು. “ಇಂಥದ್ದು ನಮ್ಮ ಕಾಲೇಜಲ್ಲೂ ನೋಡಿಲ್ಲಮ್ಮ.”

ವೆಂಕಟರತ್ನಮ್ಮ ಹಿಗ್ಗಲಿಲ್ಲ. ಪೆನ್ಸಿಲು ಚಾಚಿದರು. “ಹಳೇದಲ್ವಾ ಸಾರ್? ಇದ್ರಲ್ಲಿ ಈಗ ತಪ್ಪು ಅನ್ನೋದು ಯಾವ್ದು, ಅದನ್ನ ಮೊದ್ಲು ಹೇಳಿ. ನಾಳೆ ಯಾವ ಮಗೂಗೂ ತೊಂದ್ರೆ ಆಗಬಾರ್ದು.”

ಡಾಕ್ಟರು ಪೆನ್ಸಿಲು ತೆಗೆದುಕೊಂಡರು. ಆಮೇಲೆ ಜಗಲಿಯ ಮೇಲೆ ಕೂತರು. ಪೆಟ್ಟು ಬಿದ್ದ ತಕ್ಷಣ ಉಜ್ಜಬೇಕೆಂಬ ಪುಟಕ್ಕೆ ಮೊದಲ ಗೆರೆ ಬಿತ್ತು. ಪುಸ್ತಕ ಮುಗಿಯಲು ಆರು ಶನಿವಾರ ಬೇಕಾಯಿತು. ಡಾಕ್ಟರು ಒಂದನ್ನೂ ತಪ್ಪಿಸಲಿಲ್ಲ.