ಮಾಶಿಮಾ ಹಿಡಿದ ಕಳ್ಳ

ಪಕ್ಕದ ಮನೆಯ ಬಂಗಾಳಿ ಹುಡುಗಿಯ ತಾಯಿ ಸ್ವೀಡನ್ನಿನ ಸೊಲ್ಲೆಂಟುನಾಕ್ಕೆ ಬಂದಿಳಿದದ್ದು ಜನವರಿಯಲ್ಲಿ. ಬೇಸಿಗೆಯಲ್ಲಿ ಬಾ ಎಂದು ಮಗಳು ಎಷ್ಟು ಹೇಳಿದರೂ ಕೇಳದೆ, ಹಿಮ ನೋಡಲೇಬೇಕೆಂದು ಹಟ ಹಿಡಿದು ಮೂರು ತಿಂಗಳ ವೀಸಾದ ಮೇಲೆ ಬಂದವರು. ಎರಡು ದಿನ ಹಿಮ ನೋಡಿದರು. ಮೂರನೆಯ ದಿನ ಕಿಟಕಿಗೆ ಬೆನ್ನು ಹಾಕಿ ಕೂತು, ಕೊಲ್ಕತ್ತಾದಿಂದ ತಂದಿದ್ದ ದಪ್ಪ ಪುಸ್ತಕವೊಂದನ್ನು ತೆರೆದರು. ಅದು ಪತ್ತೇದಾರಿ ಕಥೆಗಳ ಸಂಪುಟ. ಒಬ್ಬನೇ ಪತ್ತೇದಾರ, ಮೂವತ್ತಕ್ಕೂ ಹೆಚ್ಚು ಕಥೆ.

ಅವರ ಮಗಳೂ ನನ್ನ ಹೆಂಡತಿಯೂ ಫ್ಲೆಮಿಂಗ್ಸ್‌ಬೆರ್ಯ್‌ನ ಒಂದೇ ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದರು. ಬೆಳಿಗ್ಗೆ ಏಳಕ್ಕೆ ಒಟ್ಟಿಗೆ ರೈಲು ಹತ್ತಿದರೆ ತಿರುಗಿ ಬರುತ್ತಿದ್ದದ್ದು ಸಂಜೆ ಆರಕ್ಕೆ. ನಾನು ಹೆಂಡತಿಯ ಬೆನ್ನಿಗೆ ಬಂದವನು. ದಾವಣಗೆರೆಯ ಪಿಯು ಕಾಲೇಜಿನಲ್ಲಿ ಹನ್ನೊಂದು ವರ್ಷ ಫಿಸಿಕ್ಸ್ ಪಾಠ ಹೇಳಿ, ಕೆಲಸ ಬಿಟ್ಟು, ಇಲ್ಲಿ ಕೊಮ್ಮೂನ್ ನಡೆಸುವ ಸ್ವೀಡಿಷ್ ತರಗತಿಗೆ ಸೇರಿದ್ದೆ. ಕೊಮ್ಮೂನ್ ಎಂದರೆ ನಮ್ಮ ನಗರಸಭೆಯಂಥದ್ದೇ, ಆದರೆ ಕೆಲಸ ಮಾಡುತ್ತದೆ. ನನಗೆ ಭಾಷೆ ಬಂದರೆ ಯಾವುದಾದರೂ ಶಾಲೆಯಲ್ಲಿ ಕೆಲಸ ಹುಡುಕಿಕೊಂಡು ಇಲ್ಲೇ ಉಳಿಯುವುದು, ಬಾರದಿದ್ದರೆ ಅವಳ ಓದು ಮುಗಿದ ಮೇಲೆ ವಾಪಸ್ಸು ಎಂದು ನಮ್ಮಿಬ್ಬರಲ್ಲಿ ಮಾತಾಗಿತ್ತು. ಉಳಿಯಬೇಕೆಂದು ಅವಳಿಗೆ ಬಹಳ ಆಸೆ.

"ಒಂದ್ ಗಂಟೆಗೆ ಕ್ಲಾಸ್ ಮುಗಿಯತ್ತಲ್ಲ, ಬರ್ತಾ ಹಾಗೇ ಆ ಆಂಟೀನ ಒಂದ್ಸಲ ನೋಡ್ಕೊಂಡ್ ಬನ್ನಿ. ಪಾಪ, ಇಲ್ಲಿನ ಸ್ಟೌವ್ ಮುಟ್ಟೋಕೂ ಹೆದರ್ತಾರಂತೆ" ಎಂದಳು ಹೆಂಡತಿ.

ಆಗಲಿ ಎಂದೆ. ತೊಂದರೆಯೇನೆಂದರೆ, ನಾನು ಕ್ಲಾಸಿಗೆ ಹೋಗುವುದನ್ನು ಬಿಟ್ಟು ಆಗಲೇ ಎರಡು ವಾರವಾಗಿತ್ತು. ಅದು ಅವಳಿಗೆ ಗೊತ್ತಿರಲಿಲ್ಲ.

ಬಿಟ್ಟದ್ದಕ್ಕೆ ಕಾರಣ ಏಳು ಎಂಬ ಅಂಕಿ. ಸ್ವೀಡಿಷಿನಲ್ಲಿ ಏಳು ಎನ್ನಬೇಕಾದರೆ ದೀಪ ಊದಿ ಆರಿಸುವಂತೆ ಬಾಯಿ ಮಾಡಬೇಕು. ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನ ಟೀಚರಮ್ಮ ಅದನ್ನು ನನ್ನಿಂದ ಹನ್ನೊಂದು ಸಲ ಹೇಳಿಸಿದಳು. ಹನ್ನೆರಡನೆಯ ಸಲ ಸರಿಯಾಯಿತಂತೆ, ಇಡೀ ತರಗತಿ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆಯೇ ನನ್ನನ್ನು ಕೆಡಿಸಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮರುದಿನ ತಲೆನೋವು ಎಂದುಕೊಂಡೆ, ಅದರ ಮರುದಿನ ಏನೂ ಅಂದುಕೊಳ್ಳದೆ ಮನೆಯಲ್ಲೇ ಉಳಿದೆ. ಸಂಜೆ ಹೆಂಡತಿ "ಇವತ್ತೇನ್ ಕಲಿತ್ರಿ?" ಎಂದು ಕೇಳಿದರೆ ಪಠ್ಯಪುಸ್ತಕದ ಮುಂದಿನ ಪುಟದಿಂದ ಎರಡು ವಾಕ್ಯ ತೆಗೆದು, ನನಗೆ ತೋಚಿದ ಉಚ್ಚಾರದಲ್ಲಿ ಅವಳಿಗೂ ಹೇಳಿಕೊಡುತ್ತಿದ್ದೆ. ಲ್ಯಾಬಿನಲ್ಲಿ ಎಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿದ್ದುದರಿಂದ ಅವಳ ಸ್ವೀಡಿಷ್ ನನ್ನಿಂದಲೇ ಬರಬೇಕಿತ್ತು.

ಹೀಗಾಗಿ ಪಕ್ಕದ ಮನೆಗೆ ಹೋಗಲು ಒಂದು ವೇಷ ಬೇಕಾಯಿತು. ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಜಾಕೆಟ್ಟು, ಟೋಪಿ, ಮಫ್ಲರು, ಬೂಟು ಎಲ್ಲ ಏರಿಸಿ, ಹೆಗಲಿಗೆ ಬ್ಯಾಗು ಹಾಕಿ, ನಮ್ಮ ಬಾಗಿಲಿನಿಂದ ಅವರ ಬಾಗಿಲಿಗೆ ಆರು ಹೆಜ್ಜೆ ನಡೆಯುತ್ತಿದ್ದೆ. ಕದ ತಟ್ಟುವ ಮುಂಚೆ ಸ್ವಲ್ಪ ಏದುಸಿರು ಕೂಡ ಬಿಡುತ್ತಿದ್ದೆ. ಬೂಟು ಬಾಗಿಲಲ್ಲೇ ಬಿಚ್ಚಿಟ್ಟು ಒಳಗೆ ಹೋಗುವುದು ಸ್ವೀಡನ್ನಿನಲ್ಲೂ ಪದ್ಧತಿ, ನಮ್ಮಲ್ಲೂ ಪದ್ಧತಿ.

ಅವರನ್ನು ಮಾಶಿಮಾ ಎನ್ನಬೇಕೆಂದು ಮಗಳು ಹೇಳಿಕೊಟ್ಟಿದ್ದಳು, ಎಂದರೆ ಚಿಕ್ಕಮ್ಮ. ಅವರು ನನ್ನನ್ನು ಮಗನೇ ಎಂಬಂತೆ ಬಾಬಾ ಎನ್ನುತ್ತಿದ್ದರು. ನಮ್ಮ ನಡುವೆ ಇದ್ದದ್ದು ಹಿಂದಿ. ಅವರದು ಬಂಗಾಳಿ ಹಿಂದಿ, ನನ್ನದು ದಾವಣಗೆರೆ ಹಿಂದಿ. ಇಬ್ಬರೂ ಒಬ್ಬರನ್ನೊಬ್ಬರು ತಿದ್ದುತ್ತಿರಲಿಲ್ಲ. ನಾನು ಸ್ಟೌವ್ ಹಚ್ಚಿ ಚಹಾ ಮಾಡುತ್ತಿದ್ದೆ. ಅವರು ಆ ದಿನ ಓದಿದ ಕಥೆ ಹೇಳುತ್ತಿದ್ದರು.

ನನಗೆ ಗೊತ್ತಿದ್ದ ಪತ್ತೇದಾರರೆಲ್ಲ ನಮ್ಮೂರ ಬಾಡಿಗೆ ಲೈಬ್ರರಿಯವರು. ಕಪ್ಪು ಕನ್ನಡಕ, ಕೈಯಲ್ಲಿ ಪಿಸ್ತೂಲು, ಪಕ್ಕದಲ್ಲಿ ಒಬ್ಬ ಸೆಕ್ರೆಟರಿ. ಈ ಬಂಗಾಳಿಯವನು ಪಂಚೆ ಉಟ್ಟು, ಸ್ನೇಹಿತನ ಜೊತೆ ಕೋಣೆ ಹಂಚಿಕೊಂಡು, ಚಹಾ ಕುಡಿಯುತ್ತಾ ಪತ್ರಿಕೆಯ ಜಾಹೀರಾತು ಓದುತ್ತಿದ್ದ. ಮುಂದೆ ಮದುವೆಯಾಗಿ ಸಂಸಾರವನ್ನೂ ಹೂಡಿದ. ಪತ್ತೇದಾರ ಎಂದರೆ ಅವನಿಗೆ ಸಿಟ್ಟಂತೆ, ತಾನು ನಿಜವನ್ನು ಹುಡುಕುವವನು ಅನ್ನುತ್ತಿದ್ದನಂತೆ. ಮೊದಮೊದಲು ಸಪ್ಪೆ ಎನಿಸಿತು. ವಾರದೊಳಗೆ ನಾನು ಹನ್ನೆರಡೂವರೆಗೇ ಬೂಟು ಹಾಕಿಕೊಂಡು ಕಾಯತೊಡಗಿದೆ.

ಒಂದು ವಿಷಯಕ್ಕೆ ಮಾತ್ರ ಜಗಳವಾಯಿತು. ಕೆಲವು ಕಥೆಗಳಲ್ಲಿ ಆತ ಅಪರಾಧಿಯನ್ನು ಕಂಡುಹಿಡಿದೂ ಪೊಲೀಸರಿಗೆ ಒಪ್ಪಿಸುತ್ತಿರಲಿಲ್ಲ. ಪರೀಕ್ಷೆಯಲ್ಲಿ ಕಾಪಿ ಹೊಡೆದವರಲ್ಲಿ ಒಬ್ಬರನ್ನೂ ಬಿಟ್ಟವನಲ್ಲ ನಾನು. "ಇದ್ಯಾವ ನ್ಯಾಯ ಮಾಶಿಮಾ?" ಎಂದು ಕೇಳಿದೆ. ಅವರು ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಕನ್ನಡಕ ಒರೆಸಿಕೊಳ್ಳುತ್ತಾ, "ಬಿಟ್ಟ ಅಂದರೆ ಮುಗೀತೇ ಬಾಬಾ? ತನ್ನ ಗುಟ್ಟು ಇನ್ನೊಬ್ಬನಿಗೆ ಗೊತ್ತು ಅಂತ ತಿಳಿದೇ ಅವನು ದಿನಾ ಊಟ ಮಾಡಬೇಕಲ್ಲ" ಎಂದರು.

ಮಾರ್ಚ್ ಬಂತು. ಹಿಮ ಕರಗಿ ಕೆಸರಾಗುವ ತಿಂಗಳು ಅದು. ಜನ ಜಾರಬಾರದೆಂದು ಚಳಿಗಾಲವಿಡೀ ದಾರಿಗೆ ಎರಚಿದ ಸಣ್ಣ ಜಲ್ಲಿ ಆ ಕೆಸರಿನ ಜೊತೆ ಎಲ್ಲರ ಬೂಟಿನ ಅಡಿಗೂ ಕಚ್ಚಿಕೊಂಡು ಮನೆಯೊಳಗೆ ಬರುತ್ತದೆ. ಆ ದಿನ ಮಾಶಿಮಾ ಪುಸ್ತಕ ತೆರೆದಿರಲಿಲ್ಲ. ಇವತ್ತಿನದು ಇದರಲ್ಲಿಲ್ಲದ ಕಥೆ ಎಂದರು.

"ಒಬ್ಬ ಮನುಷ್ಯ ದಿನಾ ಮಧ್ಯಾಹ್ನ ಒಂದೇ ಹೊತ್ತಿಗೆ ಒಂದು ಮನೆಗೆ ಬರ್ತಾನೆ. ತುಂಬಾ ದೂರದಿಂದ ನಡೆದು ಬಂದೆ ಅನ್ನೋ ಹಾಗೆ ಉಸಿರು ಬಿಡ್ತಾನೆ. ನಮ್ಮವನು ಮೂಲೆಯಲ್ಲಿ ಕೂತು ನೋಡ್ತಿದ್ದಾನೆ. ಅವನಿಗೆ ಏನು ಕಂಡಿತು ಹೇಳು?"

ನಾನು ಉತ್ಸಾಹದಿಂದ ಮುಂದೆ ಬಾಗಿದೆ. "ಕೈಯಲ್ಲಿ ರಕ್ತ?"

"ಇಲ್ಲ."

"ಆ ಮನೆಯಲ್ಲಿ ಏನೋ ಕದಿಯೋಕೆ ಬರ್ತಿದ್ದಾನೆ."

"ಏನೂ ಕದಿಯಲ್ಲ. ಒಳ್ಳೆಯವನು. ಚಹಾ ಚೆನ್ನಾಗಿ ಮಾಡ್ತಾನೆ. ಆದರೆ ಹೊರಗೆ ಇಷ್ಟು ಕೆಸರಿದ್ದರೂ ಅವನ ಬೂಟು ಒಣಗಿರತ್ತೆ. ಅಡಿಯಲ್ಲಿ ಒಂದು ಹರಳು ಜಲ್ಲಿಯೂ ಇಲ್ಲ."

ಬಾಗಿಲ ಬಳಿ ನೋಡಿದೆ. ಮಗಳು ಬೂಟು ಬಿಡುವ ಜಾಗದಲ್ಲಿ ಒಂದು ಹಿಡಿ ಜಲ್ಲಿ ಬಿದ್ದಿತ್ತು. ಪಕ್ಕದಲ್ಲಿ ನನ್ನದು, ಅಂಗಡಿಯಿಂದ ಈಗಷ್ಟೇ ತಂದಷ್ಟು ಚೊಕ್ಕಟ. ಪಕ್ಕದ ಮನೆಗೆ ಚಪ್ಪಲಿ ಮೆಟ್ಟಿ ಬಂದಿದ್ದರೆ ಯಾರಿಗೂ ಏನೂ ಅನಿಸುತ್ತಿರಲಿಲ್ಲ. ಅತಿ ಬುದ್ಧಿವಂತಿಕೆ ಮಾಡಿ ಸಿಕ್ಕಿಬಿದ್ದಿದ್ದೆ.

"ನನ್ನ ಮೇಲೆ ಪತ್ತೇದಾರಿಕೆ ಮಾಡ್ತೀರಾ?" ಎಂದು ರೇಗಿದೆ. ವಯಸ್ಸಾದವರ ಎದುರು ಹಾಗೆ ದನಿ ಏರಿಸಿದ್ದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ.

ಅವರಿಗೆ ಸಿಟ್ಟು ಬರಲಿಲ್ಲ. "ನಾನು ಯಾರಿಗೂ ಹೇಳಲ್ಲ ಬಾಬಾ. ನಿನ್ನ ಹೆಂಡತಿ ಮಾತ್ರ ರೈಲಿನಲ್ಲಿ ನನ್ನ ಮಗಳ ಹತ್ತಿರ ದಿನಾ ನಿನ್ನ ಕ್ಲಾಸಿನ ಸುದ್ದಿ ಹೇಳ್ತಾಳಂತೆ. ತುಂಬಾ ಹೆಮ್ಮೆ ಅವಳಿಗೆ" ಎಂದರು.

ಮೂರು ದಿನ ನಾನು ಆ ಕಡೆ ತಲೆ ಹಾಕಲಿಲ್ಲ. ಯಾಕೆ ಹೋಗಿಲ್ಲವೆಂದು ಹೆಂಡತಿಯೂ ಕೇಳಲಿಲ್ಲ. ಮಾಶಿಮಾ ತಮ್ಮ ಮಗಳಿಗೂ ಏನೂ ಹೇಳಿರಲಿಲ್ಲ. ಅದೇ ಕಷ್ಟವಾಯಿತು. ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾ ಓಡಾಡಿದೆ. ನಾಲ್ಕನೆಯ ದಿನ, ಶುಕ್ರವಾರ, ಬಾಗಿಲಿನ ಕಿಂಡಿಯಿಂದ ಕಾಗದವೊಂದು ಒಳಗೆ ಬಿತ್ತು. ನಿಘಂಟು ಹಿಡಿದು ಒಂದು ಗಂಟೆ ಕೂತ ಮೇಲೆ ಅರ್ಥವಾಯಿತು: ಸೋಮವಾರ ತರಗತಿಗೆ ಬರದಿದ್ದರೆ ನನ್ನ ಜಾಗವನ್ನು ಬೇರೆಯವರಿಗೆ ಕೊಡುತ್ತಾರೆ.

ಭಾನುವಾರ ಸಂಜೆ ಊಟಕ್ಕೆ ಕೂತಾಗ ಹೇಳಿಬಿಟ್ಟೆ. ಎರಡು ತಿಂಗಳಿಗೂ ಮೇಲಾಯಿತು, ನಾನು ಕ್ಲಾಸಿಗೆ ಹೋಗುತ್ತಿಲ್ಲ ಎಂದೆ. ಏಳರ ಕಥೆಯನ್ನೂ ಹೇಳಿದೆ, ನಕ್ಕಾಳೆಂಬ ಆಸೆಯಿಂದ. ಅವಳು ಅನ್ನ ಕಲಸುವುದನ್ನು ನಿಲ್ಲಿಸಿದಳು.

"ಮತ್ತೆ ದಿನಾ ಸಂಜೆ ನಂಗೆ ಹೇಳ್ಕೊಡ್ತಿದ್ರಲ್ಲ, ಅದೆಲ್ಲ?"

"ಪುಸ್ತಕ ನೋಡ್ಕೊಂಡು. ಉಚ್ಚಾರ ನಾನೇ..."

"ನಾನದನ್ನ ಫಿಕಾ ಟೈಮಲ್ಲಿ ಎಲ್ರ ಮುಂದೆ ಹೇಳ್ತಿದ್ದೆ ರೀ. ಕಾಫಿ ಕುಡೀತಾ, ದಿನಾ ಒಂದೊಂದು. ಅವರೆಲ್ಲ ನಗ್ತಿದ್ರು." ಬೆರಳಿಗಂಟಿದ ಅನ್ನವನ್ನು ತಟ್ಟೆಯ ಅಂಚಿಗೆ ಒರೆಸಿದಳು. "ಖುಷಿಗೆ ಅಂದ್ಕೊಂಡಿದ್ದೆ."

ಅತ್ತಿದ್ದರೆ, ಬೈದಿದ್ದರೆ ಏನಾದರೂ ಹೇಳಬಹುದಿತ್ತು. ತಟ್ಟೆ ತೆಗೆದುಕೊಂಡು ಎದ್ದು ಹೋದಳು. ಮದುವೆಯಾಗಿ ಆರು ವರ್ಷದಲ್ಲಿ ಅವಳಿಗೆ ನಾನು ಮಾಡಿದ ಅತಿ ದೊಡ್ಡ ಅನ್ಯಾಯ ಯಾವುದೆಂದು ಆ ಸಂಜೆ ನನಗೆ ತಿಳಿಯಿತು.

ಬೆಳಿಗ್ಗೆ ಅವಳು ಏಳರ ರೈಲಿಗೆ ಹೋಗಲಿಲ್ಲ. ನಾನು ಬೂಟು ಹಾಕಿಕೊಂಡಾಗ ತಾನೂ ಹಾಕಿಕೊಂಡಳು. ಒಂದನೆಯ ತರಗತಿಯ ಹುಡುಗನನ್ನು ಶಾಲೆಗೆ ಬಿಡುವಂತೆ ಕೆಸರಿನಲ್ಲಿ ನನ್ನ ಪಕ್ಕ ನಡೆದಳು. ತರಗತಿಯ ಬಾಗಿಲಲ್ಲಿ ಟೀಚರಮ್ಮ ನಿಂತಿದ್ದಳು. ನನ್ನನ್ನು ಗುರುತು ಹಿಡಿದು, ಇಷ್ಟು ದಿನ ಎಲ್ಲಿದ್ದೆ ಎಂದು ಸ್ವೀಡಿಷಿನಲ್ಲಿ ಕೇಳಿದಳು. ಒಳಗೆ ಎಲ್ಲರೂ ತಿರುಗಿ ನೋಡಿದರು.

ಹೆಂಡತಿಗೆ ಪ್ರಶ್ನೆ ಅರ್ಥವಾಗಿರಬೇಕು. ನಾನು ಬಾಯಿ ತೆರೆಯುವ ಮೊದಲೇ ಇಂಗ್ಲಿಷಿನಲ್ಲಿ, ಇವರಿಗೆ ಆರೋಗ್ಯ ಸರಿಯಿರಲಿಲ್ಲ, ಬಹಳ ದಿನ ಜ್ವರ ಇತ್ತು ಎಂದಳು. ಲ್ಯಾಬಿನಲ್ಲಿ ಒಂದು ಅಂಕಿ ಆಚೀಚೆಯಾದರೆ ಇಡೀ ಪ್ರಯೋಗವನ್ನೇ ಮತ್ತೆ ಮಾಡುವವಳು ಅವಳು. ನನ್ನ ಮಾನ ಉಳಿಸಲು ಅವಳು ಸುಳ್ಳು ಹೇಳುತ್ತಿದ್ದುದನ್ನು ಕೇಳಿ ನನಗೆ ತಡೆದುಕೊಳ್ಳಲಾಗಲಿಲ್ಲ.

"ನೇಯ್" ಎಂದೆ. ಇಲ್ಲ. "ಯಾಗ್ ವಾರ್ ಹೆಮ್ಮ." ಮನೆಯಲ್ಲಿದ್ದೆ.

ಉಚ್ಚಾರ ಸರಿಯಿತ್ತೋ ಇಲ್ಲವೋ ಗೊತ್ತಿಲ್ಲ, ಟೀಚರಮ್ಮನಿಗೆ ಅರ್ಥವಾಯಿತು. ಒಳಗೆ ಬಾ ಎಂದು ಕೈ ಮಾಡಿದಳು. ಹಿಂದಿನ ಸಂಜೆಯಿಂದ ನನ್ನ ಮುಖ ನೋಡದಿದ್ದ ಹೆಂಡತಿ ಆಗ ಒಮ್ಮೆ ನೋಡಿದಳು. ಆಮೇಲೆ ಲ್ಯಾಬಿಗೆ ಹೊತ್ತಾಯಿತೆಂದು ಸ್ಟೇಷನ್ನಿನ ಕಡೆ ಹೊರಟಳು.