ಅಪ್ಪಗ ‘ದೇ’, ಅವ್ವಗ ‘ಇಟ್’

ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಆರು ವರ್ಷ ಇಂಗ್ಲಿಷ್ ಕಲಿಸಿದೆ. ಒಮ್ಮೆ ಒಂಬತ್ತನೇ ಕ್ಲಾಸಿನವರಿಗೆ ಮನೆಯವರ ಬಗ್ಗೆ ಹತ್ತು ಸಾಲು ಬರೆದುಕೊಂಡು ಬರಲು ಹೇಳಿದ್ದೆ. ಎರಡನೇ ಬೆಂಚಿನ ಹುಡುಗಿಯೊಬ್ಬಳು ದುಂಡಗೆ, ಒಂದು ಸ್ಪೆಲ್ಲಿಂಗೂ ತಪ್ಪದೆ ಬರೆದಿದ್ದಳು. ಆದರೆ ಅಪ್ಪನಿಗೆ ಉದ್ದಕ್ಕೂ ‘ದೇ’ ಹಾಕಿದ್ದಳು, ಅವ್ವನಿಗೆ ‘ಇಟ್’. ಕನ್ನಡಕ್ಕೆ ತಂದರೆ ಹೀಗಿತ್ತು: ಅವರು ವಾಡಿ ರೋಡಿನಲ್ಲಿ ಟಂಟಂ ಆಟೋ ಓಡಿಸುತ್ತಾರೆ. ಅದು ಶಹಾಬಾದಿಗೆ ಪರಸಿ ಕಲ್ಲಿನ ಕೆಲಸಕ್ಕೆ ಹೋಗುತ್ತದೆ.

ಸ್ಟಾಫ್ ರೂಮಿನಲ್ಲಿ ಅದನ್ನು ಜೋರಾಗಿ ಓದಿದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ತಲೆ ಎತ್ತಿದರೆ ಆ ಹುಡುಗಿಯೇ ಹಾಜರಿ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಪುಸ್ತಕವನ್ನು ಮೇಜಿನ ಮೇಲಿಟ್ಟು ಹೊರಟುಹೋದಳು. ಅವತ್ತಿನಿಂದ ನನ್ನ ಕ್ಲಾಸಿನಲ್ಲಿ ಕೈ ಎತ್ತುವುದನ್ನು ಬಿಟ್ಟಳು.

ಆ ಭಾನುವಾರ ಸೇಡಂ ಹತ್ತಿರದ ಮುಧೋಳಕ್ಕೆ, ತವರಿಗೆ ಹೋಗಿದ್ದೆ. ಮನೆಯೊಳಗೆ ಕಾಲಿಡುತ್ತಲೇ ತಮ್ಮನಿಗೆ, “ಅವ್ವ ಎಲ್ಲಿಗಿ ಹೋತು?” ಅಂದೆ. “ಹಿತ್ತಲದಾಗ ಅದ, ಬರ್ತದ,” ಅಂದ. ಹುಟ್ಟಿದಾಗಿನಿಂದ ಆಡಿದ ಮಾತು ಅವತ್ತು ನನಗೇ ‘ಇಟ್’ ಅಂದಹಾಗೆ ಕೇಳಿಸಿತು. ಅವ್ವ ಮೆಂತ್ಯೆ ಸೊಪ್ಪು ಹಿಡಿದು ಒಳಗೆ ಬಂದಳು. ನನಗೆ ಅವಳ ಮುಖ ನೋಡಲು ನಾಚಿಕೆಯಾಯಿತು. ಆದರೆ ಹಾಗೆ ಅನ್ನುವಾಗ ನನ್ನ ಮನಸ್ಸಿನಲ್ಲಿ ಅಗೌರವವೇನೂ ಇರಲಿಲ್ಲ ಅನ್ನುವುದೂ ನಿಜ.

ಸೋಮವಾರ ಕ್ಲಾಸಿನಲ್ಲಿ ಎಲ್ಲರೆದುರು ಹೇಳಿದೆ. ನಮ್ಮ ಮನೆಯಲ್ಲೂ ಅವ್ವ ಬಂತು, ಹೋತು ಅಂತಲೇ ಅನ್ನುತ್ತೇವೆ, ನಮ್ಮ ಓಣಿಯ ತೆಲುಗಿನವರೂ ಹಾಗೇ ಅನ್ನುತ್ತಾರೆ, ನಕ್ಕದ್ದು ನನ್ನ ತಪ್ಪು ಅಂದೆ. ಇಂಗ್ಲಿಷಿನವರು ಮಾತ್ರ ಅವ್ವನಿಗೆ ‘ಶೀ’, ಅಪ್ಪನಿಗೆ ‘ಹೀ’ ಅನ್ನುತ್ತಾರೆ ಅಂತ ಬೋರ್ಡಿನ ಮೇಲೆ ಬರೆದೆ. ಹುಡುಗಿ ಎದ್ದು ನಿಂತಳು.

“ಅವ್ವಗ ಶೀ ಬರೀತೀನ್ರಿ. ಅಪ್ಪಗ ಹೀ ಅಂದ್ರ ‘ಅವ’ ಅಂದಂಗ ಆಗ್ತದಲ್ರಿ ಮೇಡಂ?”

ಇಂಗ್ಲಿಷಿನಲ್ಲಿ ಹಿರಿಯರಿಗೆ ಬೇರೆ, ಕಿರಿಯರಿಗೆ ಬೇರೆ ಅಂತ ಇಲ್ಲ ಎಂದು ವಿವರಿಸಿದೆ. ಒಪ್ಪದ ಮುಖದಿಂದಲೇ ಕುಳಿತಳು.

ಎರಡು ದಿನ ಬಿಟ್ಟು ಸಂಜೆ ಸಾಲಿ ಗೇಟಿನ ಮುಂದೆ ಟಂಟಂ ನಿಂತಿತ್ತು. ಖಾಕಿ ಅಂಗಿಯ ಗಂಡಸೊಬ್ಬರು ಇಳಿದು, ತಾವು ಆ ಹುಡುಗಿಯ ತಂದೆ ಅಂದರು. ಜಗಳಕ್ಕೇ ಬಂದಿದ್ದಾರೆ ಅಂದುಕೊಂಡೆ. ಅವರು ಮಾತು ಹೇಗೆ ತೆಗೆಯಬೇಕೋ ತಿಳಿಯದೆ, ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

“ಕಲೆಕ್ಟರ್ ಸಾಹೇಬ್ರಿಗೂ ‘ಹೀ’ ಅಂತಾರೇನ್ರಿ ಮೇಡಂ?”

“ಅವ್ರಿಗೂ ಹಂಗೇ ಅಂತಾರ್ರಿ.”

ಸ್ವಲ್ಪ ಹಗುರಾದರು. “ನಮ್ಮ ಮನ್ಯಾಗಿಂದಕ್ಕ?” ಅಂದರು, ಹೆಂಡತಿಯ ಬಗ್ಗೆ. ‘ಶೀ’ ಅಂತ ಹೇಳಿದೆ. ಕಲೆಕ್ಟರು ಹೆಣ್ಣುಮಗಳಾದರೂ ಅದೇ ಏನು ಅಂತ ಕೇಳಿದರು. ಅದೇ ಅಂದೆ. ಮಗಳು ಮೊದಲು ಏನು ಬರೆದಿದ್ದಳು ಅಂತ ಅವರೇ ಕೇಳಿದ್ದಕ್ಕೆ, ಮುಚ್ಚಿಡದೆ ಹೇಳಿದೆ.

“ನಾವು ಅಂದದ್ದನ್ನೇ ಬರದಾಳ್ರಿ, ಪಾಪ. ಅಕೀದೇನು ತಪ್ಪಿಲ್ಲ,” ಅಂದರು. ಆಮೇಲೆ, “ಕುಂದ್ರಿ ಮೇಡಂ, ಚಿತ್ತಾಪುರ ತನಕ ಬಿಡ್ತೀನಿ.”

ದಾರಿಯುದ್ದಕ್ಕೂ ಮಗಳ ಓದಿನ ಬಗ್ಗೆಯೇ ಕೇಳಿದರು. ಮನೆಯಲ್ಲಿ ಅವರ ಮಾತು ಬದಲಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಮರುವಾರ ಹುಡುಗಿ ‘ಹೀ’, ‘ಶೀ’ ಎರಡನ್ನೂ ಸರಿಯಾಗಿ ಬರೆದು ನೋಟ್‌ಬುಕ್ ಕೊಟ್ಟಳು, ಕ್ಲಾಸಿನಲ್ಲಿ ಮತ್ತೆ ಕೈ ಎತ್ತಲು ಸುರು ಮಾಡಿದಳು.

ಈಗ ನಾನು ಚಿಂಚೋಳಿ ಕಡೆಯ ಸಾಲಿಯಲ್ಲಿದ್ದೇನೆ, ಮನೆ ಅಲ್ಲೇ ಪಕ್ಕದ ಚಂದಾಪುರದಲ್ಲಿ. ಇಲ್ಲಿಯ ಹುಡುಗರೂ ಅವ್ವನಿಗೆ ‘ಇಟ್’ ಬರೆಯುತ್ತಾರೆ. ಪಾಠ ಸುರು ಮಾಡುವ ಮೊದಲು, ಮನೆಯಲ್ಲಿ ಅವ್ವನಿಗೆ ಏನಂತೀರಿ ಅಂತ ಒಬ್ಬೊಬ್ಬರನ್ನೇ ಕೇಳುತ್ತೇನೆ. ಅಷ್ಟಾದರೂ ಪರೀಕ್ಷೆಯಲ್ಲಿ ಕೆಲವರು ತಪ್ಪುತ್ತಾರೆ. ತಿದ್ದುತ್ತೇನೆ. ಮಕ್ಕಳ ನೋಟ್‌ಬುಕ್ಕುಗಳನ್ನು ಮಾತ್ರ ಸ್ಟಾಫ್ ರೂಮಿನಲ್ಲಿ ಓದುವುದಿಲ್ಲ.